ಸೋಮವಾರದ ಪಾಠ ಶನಿವಾರಕ್ಕೆ ಎಲ್ಲಿರುತ್ತದೆ?

ಶಾಲೆಯ ವೇಳಾಪಟ್ಟಿಯನ್ನು ನೀವು ಎಂದಾದರೂ ಸಾವಧಾನವಾಗಿ ನೋಡಿದ್ದೀರಾ? ಮಗುವಿನ ಪುಸ್ತಕದ ರಟ್ಟಿನ ಒಳಮೈಗೆ ಅಂಟಿಸಿರುವ ಆ ಚಿಕ್ಕ ಕಾಗದದಲ್ಲಿ ಸೋಮವಾರದಿಂದ ಶನಿವಾರದವರೆಗೆ ಆರು ಸಾಲುಗಳು; ಸಾಲಿನಲ್ಲಿ ಏಳೋ ಎಂಟೋ ಮನೆಗಳು; ಮನೆಗೊಂದು ಹೆಸರು: ಕನ್ನಡ, ಗಣಿತ, ವಿಜ್ಞಾನ, ಸಮಾಜ, ಇಂಗ್ಲಿಷ್, ಹಿಂದಿ, ದೈಹಿಕ ಶಿಕ್ಷಣ. ವಿದ್ಯೆಯೆಂಬುದು ನಲವತ್ತು ನಿಮಿಷದ ತುಂಡುಗಳಾಗಿ ಬರುತ್ತದೆ, ಮಗು ಒಂದೊಂದನ್ನೇ ಎತ್ತಿ ಚೀಲಕ್ಕೆ ಹಾಕಿಕೊಂಡು ಮನೆಗೆ ತರುತ್ತದೆ ಎಂದು ಅದನ್ನು ನೋಡಿದವರಿಗೆ ತೋರಬಹುದು.

ಕಲಿಕೆ ಹಾಗೆ ಚೀಲ ಸೇರುವ ವಸ್ತುವಲ್ಲ. ಸೋಮವಾರ ಚೆನ್ನಾಗಿ ತಿಳಿದಂತೆ ತೋರಿದ್ದು ಬುಧವಾರಕ್ಕೆ ಮಸುಕಾಗುತ್ತದೆ. ಶನಿವಾರಕ್ಕೆ ಅದರ ಬಹುಭಾಗ ಮಾಯವಾಗಿರುತ್ತದೆ. ಹಾಗೆ ಮಾಯವಾಗುತ್ತಿರುವುದನ್ನು ಯಾರಾದರೂ ಮತ್ತೆ ಮತ್ತೆ ಕರೆದು ತಂದರೆ ಮಾತ್ರ ಅದು ಮನಸ್ಸಿನಲ್ಲಿ ನಿಲ್ಲುತ್ತದೆ. ಈ ಕರೆದು ತರುವ ಕೆಲಸ ತರಗತಿಯಲ್ಲಿ ಹೇಗೆ ನಡೆಯುತ್ತದೆ, ಅದಕ್ಕೆ ಮನೆಯವರು ಹೇಗೆ ನೆರವಾಗಬಹುದು ಎಂಬುದನ್ನು ಆರನೆಯ ತರಗತಿಯ ಒಂದು ವಾರವನ್ನು ಮುಂದಿಟ್ಟುಕೊಂಡು ವಿಚಾರ ಮಾಡೋಣ. ಇದು ಯಾವುದೋ ಒಂದು ಶಾಲೆಯ ವರದಿಯಲ್ಲ. ಶಿವಮೊಗ್ಗ ಮತ್ತು ಭದ್ರಾವತಿಯಂತಹ ಜೋಡಿ ಪಟ್ಟಣಗಳ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಸಾಧಾರಣವಾಗಿ ನಡೆಯಬಹುದಾದ ಪಾಠಗಳನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದೆ.

ಆರನೆಯ ತರಗತಿಯ ಹೊಸ್ತಿಲು

ಆರನೆಯ ತರಗತಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವುಂಟು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳಲ್ಲಿ 'ನಲಿ-ಕಲಿ' ಎಂಬ ಪದ್ಧತಿ ಬಳಕೆಗೆ ಬಂದಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ಈ ಪದ್ಧತಿಯಲ್ಲಿ ಮಕ್ಕಳು ಗುಂಪುಗಳಲ್ಲಿ ಕುಳಿತು, ಕಾರ್ಡುಗಳನ್ನು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ನಾಲ್ಕು, ಐದರಲ್ಲಿ ಪುಸ್ತಕ ಮುಂದೆ ಬರುತ್ತದೆ. ಆರನೆಯ ತರಗತಿಗೆ ಕಾಲಿಟ್ಟೊಡನೆ ಎಷ್ಟೋ ಸಂಗತಿಗಳು ಒಮ್ಮೆಗೇ ಬದಲಾಗುತ್ತವೆ. ವಿಜ್ಞಾನ ಬೇರೆ, ಸಮಾಜ ಬೇರೆ. ಮೂರನೆಯ ಭಾಷೆಯೊಂದು, ಬಹುಮಟ್ಟಿಗೆ ಹಿಂದಿ, ತನ್ನ ಹೊಸ ಲಿಪಿಯೊಡನೆ ಬಂದು ಕೂರುತ್ತದೆ. ಪುಸ್ತಕಗಳು ದಪ್ಪವಾಗುತ್ತವೆ.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಕಣ್ಣಿಗೆ ಕಾಣುವಂತಹುದಲ್ಲ. ಅಲ್ಲಿಯವರೆಗೆ ಮಗು ಓದುವುದನ್ನು ಕಲಿಯುತ್ತಿತ್ತು. ಇನ್ನು ಮೇಲೆ ಓದಿ ಕಲಿಯಬೇಕು. ಆರನೆಯ ತರಗತಿಯ ಪುಸ್ತಕವನ್ನು ಬರೆದವರು ಮಗುವಿಗೆ ಓದು ಬರುತ್ತದೆ ಎಂದು ನಂಬಿ ಬರೆದಿರುತ್ತಾರೆ. ಓದು ಪೂರ್ತಿ ಕೈವಶವಾಗದ ಮಗು ಇಲ್ಲಿ ತೊಡರುತ್ತದೆ. ಆದರೆ ತೊಡರಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಏಕೆಂದರೆ ಆ ಮಗು ಕಪ್ಪುಹಲಗೆಯ ಮೇಲಿನದನ್ನು ದುಂಡಗೆ ಬರೆದುಕೊಳ್ಳುತ್ತದೆ, ನೋಟ್ ಪುಸ್ತಕ ಅಚ್ಚುಕಟ್ಟಾಗಿರುತ್ತದೆ, ತಂಟೆ ಮಾಡುವುದಿಲ್ಲ. ಸುಮ್ಮನಾಗುತ್ತದೆ, ಅಷ್ಟೆ. ಹೀಗೆ ಸುಮ್ಮನಾದ ಮಗು ಏಳಕ್ಕೆ, ಎಂಟಕ್ಕೆ ಹೋಗಿಯೂ ಹೋಗುತ್ತದೆ. 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕೆಂದು ಸಾರಿದ 2009ರ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಮಗುವನ್ನು ಶಾಲೆಯ ಬಾಗಿಲಿಗೆ ಕರೆತರುವುದು ಕಾಯಿದೆಯ ಕೆಲಸ; ಬೆಂಚಿನ ಮೇಲೆ ಸುಮ್ಮನೆ ಕುಳಿತ ಮಗುವನ್ನು ಮಾತಿಗೆ ತರುವುದು ಉಪಾಧ್ಯಾಯರ ಮತ್ತು ಮನೆಯವರ ಕೆಲಸ.

ಸೋಮವಾರ: ಮುಕ್ಕಾಲು ಎಂದರೇನು?

ಬೆಳಗ್ಗೆ ಪ್ರಾರ್ಥನೆ, ಕುವೆಂಪು ಅವರು ರಚಿಸಿದ ನಾಡಗೀತೆ, ದಿನಪತ್ರಿಕೆಯ ನಾಲ್ಕು ಸುದ್ದಿ. ಅನಂತರ ಗಣಿತ. ಪಾಠ ಭಿನ್ನರಾಶಿ. ಉಪಾಧ್ಯಾಯಿನಿ ಹಲಗೆಯ ಮೇಲೆ 1/3 ಮತ್ತು 1/4 ಎಂದು ಬರೆದು, ಯಾವುದು ದೊಡ್ಡದು ಎಂದು ಕೇಳುತ್ತಾರೆ. ಬಹಳ ಕೈಗಳು ಮೇಲೇಳುತ್ತವೆ. "ಕಾಲು ಭಾಗ, ಮಿಸ್! ಮೂರಕ್ಕಿಂತ ನಾಲ್ಕು ದೊಡ್ಡದಲ್ಲವಾ?"

ಈ ಉತ್ತರ ತಪ್ಪು. ಆದರೆ ದಡ್ಡ ಉತ್ತರವಲ್ಲ. ಐದು ವರ್ಷ ಆ ಮಗು ಕಲಿತದ್ದು ಇದನ್ನೇ: ನಾಲ್ಕು ಯಾವಾಗಲೂ ಮೂರಕ್ಕಿಂತ ದೊಡ್ಡದು. ತನಗೆ ಗೊತ್ತಿದ್ದ ನಿಯಮವನ್ನು ಗೊತ್ತಿಲ್ಲದ ಜಾಗಕ್ಕೆ ಕೊಂಡೊಯ್ದಿದೆ. ಬಲ್ಲ ಉಪಾಧ್ಯಾಯರು ಇಲ್ಲಿ "ತಪ್ಪು, ಕೂತ್ಕೊ" ಎನ್ನುವುದಿಲ್ಲ. ಒಂದೇ ಅಳತೆಯ ಎರಡು ಕಾಗದದ ಪಟ್ಟಿಗಳನ್ನು ಕೊಟ್ಟು, ಒಂದನ್ನು ಮೂರು ಸಮಭಾಗವಾಗಿ, ಇನ್ನೊಂದನ್ನು ನಾಲ್ಕು ಸಮಭಾಗವಾಗಿ ಮಡಿಸಲು ಹೇಳುತ್ತಾರೆ. ಇಲ್ಲವೆ ಒಂದು ಹೋಳಿಗೆಯನ್ನು ಮೂವರಿಗೆ ಹಂಚಿದಾಗ ಸಿಗುವ ಪಾಲು ಯಾವುದು, ನಾಲ್ವರಿಗೆ ಹಂಚಿದಾಗ ಸಿಗುವ ಪಾಲು ಯಾವುದು ಎಂದು ಕೇಳುತ್ತಾರೆ. ಪಾಲುದಾರರು ಹೆಚ್ಚಿದಂತೆ ಪಾಲು ಚಿಕ್ಕದಾಗುತ್ತದೆ ಎಂಬುದು ಹಬ್ಬದ ಮನೆಯಲ್ಲಿ ಬೆಳೆದ ಯಾವ ಮಗುವಿಗೆ ತಿಳಿಯದು?

ನಮ್ಮ ಭಾಷೆಯೇ ಇಲ್ಲಿ ಒಂದು ಉಪಕಾರ ಮಾಡಿಟ್ಟಿದೆ. 3/4 ಎಂಬುದನ್ನು ನಾವು ಮುಕ್ಕಾಲು ಎನ್ನುತ್ತೇವೆ. ಆ ಮಾತನ್ನು ಬಿಡಿಸಿ ನೋಡಿ: ಮೂರು ಕಾಲು, ಅಂದರೆ ಕಾಲು ಭಾಗಗಳು ಮೂರು. ಭಿನ್ನರಾಶಿಯ ಕೆಳಗಿನ ಸಂಖ್ಯೆ ಹೇಳುವುದು ತುಂಡಿನ ಜಾತಿಯನ್ನು, ಮೇಲಿನ ಸಂಖ್ಯೆ ಹೇಳುವುದು ತುಂಡುಗಳ ಎಣಿಕೆಯನ್ನು. ಪುಸ್ತಕದಲ್ಲಿ ಛೇದ, ಅಂಶ ಎಂದು ಹೆಸರಿಟ್ಟಿರುವುದೆಲ್ಲ ಅಂಗಡಿಯ ಮುಕ್ಕಾಲು ಕಿಲೋ ಬೆಲ್ಲದಲ್ಲಿಯೇ ಅಡಗಿದೆ. ಇದನ್ನು ಕಂಡುಕೊಂಡ ಮಗು ಅಂದು ಗೆದ್ದಂತೆಯೇ ಮನೆಗೆ ಬರುತ್ತದೆ.

ಆದರೆ ಹಳೆಯ ನಿಯಮ ಅಷ್ಟು ಸುಲಭವಾಗಿ ಜಾಗ ಬಿಡುವುದಿಲ್ಲ. ದಶಮಾಂಶದ ಪಾಠ ಬಂದಾಗ ಅದೇ ಮಗು 0.25 ದೊಡ್ಡದು, 0.5 ಚಿಕ್ಕದು ಎನ್ನುತ್ತದೆ. ಇಪ್ಪತ್ತೈದು ಐದಕ್ಕಿಂತ ದೊಡ್ಡದಷ್ಟೆ! ಹಿಂದಿನ ತಪ್ಪೇ ಬೇರೆ ಅಂಗಿ ತೊಟ್ಟು ಬಂದಿದೆ. ಸೋಮವಾರದ ಗೆಲುವು ಒಂದು ದಿನದ ಗೆಲುವು ಮಾತ್ರ ಎಂಬುದು ಇದರಿಂದ ತಿಳಿಯುತ್ತದೆ.

ಮಂಗಳವಾರ: ಮೊರ, ಜರಡಿ ಮತ್ತು ಕುಲುಮೆ

ವಿಜ್ಞಾನದ ಪಾಠ ಮಿಶ್ರಣಗಳನ್ನು ಬೇರ್ಪಡಿಸುವ ಬಗೆ. ಇದಕ್ಕೆ ಪ್ರಯೋಗಶಾಲೆ ಬೇಡ. ಅಡಿಗೆಯ ಮನೆಯೇ ಸಾಕು. ಅಕ್ಕಿಯಿಂದ ಕಲ್ಲನ್ನು ಕೈಯಿಂದ ಆರಿಸುತ್ತೇವೆ. ಹೊಟ್ಟನ್ನು ಮೊರದಲ್ಲಿ ಕೇರಿ ಹಾರಿಸುತ್ತೇವೆ. ಹಿಟ್ಟನ್ನು ಜರಡಿ ಹಿಡಿಯುತ್ತೇವೆ. ಚಹವನ್ನು ಸೋಸುತ್ತೇವೆ. ಮಳೆಗಾಲದ ಕೆಂಪು ಹೊಳೆನೀರನ್ನು ಪಾತ್ರೆಯಲ್ಲಿ ಅಲುಗಿಸದೆ ಇಟ್ಟರೆ ಮಣ್ಣು ತಳ ಸೇರುತ್ತದೆ. ಉಪ್ಪುನೀರನ್ನು ಮಾತ್ರ ಸೋಸಿ ಪ್ರಯೋಜನವಿಲ್ಲ, ಕಾಯಿಸಿ ನೀರನ್ನು ಆರಿಸಬೇಕು. ಪ್ರತಿಯೊಂದರ ಹಿಂದೆಯೂ ಒಂದೇ ತತ್ತ್ವ: ಬೆರೆತ ಎರಡು ವಸ್ತುಗಳು ಯಾವುದಾದರೊಂದು ಗುಣದಲ್ಲಿ ಬೇರೆಯಾಗಿದ್ದರೆ, ಆ ಗುಣವನ್ನೇ ಹಿಡಿದು ಅವನ್ನು ಬಿಡಿಸಬಹುದು. ಹೊಟ್ಟಿಗೂ ಅಕ್ಕಿಗೂ ತೂಕದಲ್ಲಿ ವ್ಯತ್ಯಾಸ, ಹಿಟ್ಟಿಗೂ ತರಿಗೂ ಗಾತ್ರದಲ್ಲಿ ವ್ಯತ್ಯಾಸ.

ಇಷ್ಟು ಹೇಳಿದ ಮೇಲೆ, ಭದ್ರಾವತಿಯ ತರಗತಿಯಲ್ಲಿ ಒಂದು ಪ್ರಶ್ನೆ ಏಳದಿದ್ದರೆ ಆಶ್ಚರ್ಯ. "ಹಾಗಾದರೆ ಮಣ್ಣಿನಿಂದ ಕಬ್ಬಿಣವನ್ನೂ ಜರಡಿ ಹಿಡಿಯಬಹುದಾ, ಸಾರ್?" ಹಿಂದೆ ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಊರು ಅದು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾಗಿ 1918ರಲ್ಲಿ ಅಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಬಿತ್ತು. 1923ರಲ್ಲಿ ಕಬ್ಬಿಣ ಹರಿಯಿತು. ಅದಿರು ಬರುತ್ತಿದ್ದುದು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ಆ ಹೆಸರೇ ಅರ್ಧ ಪಾಠ ಹೇಳುತ್ತದೆ. ಮಣ್ಣು ಕೆಂಪಾಗಿರುವುದು ಅದರಲ್ಲಿರುವ ಕಬ್ಬಿಣ ಆಮ್ಲಜನಕದೊಡನೆ ಕೂಡಿಕೊಂಡಿರುವುದರಿಂದ; ಹಳೆಯ ಮೊಳೆಗೆ ಹಿಡಿದ ತುಕ್ಕು ಯಾವ ಬಗೆಯದೋ ಇದೂ ಬಹುಮಟ್ಟಿಗೆ ಅದೇ ಬಗೆಯದು.

ಆದುದರಿಂದ ಜರಡಿ ಇಲ್ಲಿ ಸೋಲುತ್ತದೆ. ಅಕ್ಕಿ ಮತ್ತು ಕಲ್ಲು ಅಕ್ಕಪಕ್ಕದಲ್ಲಿ ಕುಳಿತ ಅಪರಿಚಿತರು. ಕಬ್ಬಿಣ ಮತ್ತು ಆಮ್ಲಜನಕ ಸಂಬಂಧ ಬೆಳೆಸಿದವರು. ಈ ಸಂಬಂಧವನ್ನು ಬಿಡಿಸಲು, ಆಮ್ಲಜನಕವನ್ನು ತನ್ನ ಕಡೆಗೆ ಸೆಳೆದುಕೊಳ್ಳುವ ಮತ್ತೊಂದು ವಸ್ತು ಬೇಕು. ಅದು ಇಂಗಾಲ. ಭದ್ರಾವತಿಯ ಊದುಕುಲುಮೆಯಲ್ಲಿ ಈ ಇಂಗಾಲ ಒದಗುತ್ತಿದ್ದುದು ಮಲೆನಾಡಿನ ಮರದಿಂದ ಸುಟ್ಟು ತೆಗೆದ ಇದ್ದಿಲಿನಿಂದ. ಕಾರ್ಖಾನೆಯ ಮೊದಲಿನ ಹೆಸರಿನಲ್ಲಿ ಮರದ ಬಟ್ಟಿ ಇಳಿಸುವಿಕೆಯ ಮಾತೂ ಸೇರಿತ್ತು. ಮುಚ್ಚಿದ ಪಾತ್ರೆಯಲ್ಲಿ ಮರವನ್ನು ಕಾಯಿಸಿದರೆ ಇದ್ದಿಲು ಉಳಿಯುತ್ತದೆ. ಆವಿಯನ್ನು ತಣಿಸಿದರೆ ಮದ್ಯಸಾರದಂತಹ ದ್ರವ, ಹುಳಿದ್ರವ, ಕೀಲು ಸಿಗುತ್ತವೆ. ಈಗ ಆ ಕಾರ್ಖಾನೆಯ ಹಳೆಯ ವೈಭವ ಉಳಿದಿಲ್ಲ. ಆದರೂ ಅಜ್ಜ ಅಲ್ಲಿ ದುಡಿದಿದ್ದ ಮನೆಗಳು ಊರಿನಲ್ಲಿ ಎಷ್ಟೋ ಇವೆ. ಅಂತಹ ಮನೆಯ ಮಗುವಿಗೆ ಈ ಪಾಠ ಪುಸ್ತಕದ್ದಲ್ಲ, ಮನೆಯದು. "ತಾತನನ್ನು ಕೇಳಿಕೊಂಡು ಬಾ" ಎಂಬ ಒಂದು ಮಾತು ಎರಡು ಪುಟದ ಉತ್ತರ ಬರೆಸುವುದಕ್ಕಿಂತ ಮಿಗಿಲಾದ ಮನೆಕೆಲಸ.

ಬುಧವಾರ: ನೀರು ಮೇಲಕ್ಕೆ ಹರಿಯುವುದೇ?

ಸಮಾಜದ ಅವಧಿಯಲ್ಲಿ ಗೋಡೆಗೆ ನಕ್ಷೆ ತೂಗುಹಾಕಿದೆ. ಶಿವಮೊಗ್ಗದ ಮಗುವಿಗೆ ತುಂಗೆ ಗೊತ್ತು, ಭದ್ರಾವತಿಯ ಮಗುವಿಗೆ ಭದ್ರೆ ಗೊತ್ತು. ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದ ಬೆಟ್ಟಗಳಲ್ಲಿ ಹತ್ತಿರ ಹತ್ತಿರವೇ ಹುಟ್ಟಿದ ಈ ಎರಡು ಹೊಳೆಗಳೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ತುಂಗೆ ಶೃಂಗೇರಿ, ತೀರ್ಥಹಳ್ಳಿಗಳನ್ನು ಹಾದು ಶಿವಮೊಗ್ಗಕ್ಕೆ ಬರುತ್ತಾಳೆ. ಭದ್ರೆ ಲಕ್ಕವಳ್ಳಿಯ ಅಣೆಕಟ್ಟನ್ನು ದಾಟಿ ಭದ್ರಾವತಿಗೆ ಬರುತ್ತಾಳೆ. ಶಿವಮೊಗ್ಗಕ್ಕೆ ಅನತಿದೂರದ ಕೂಡ್ಲಿಯಲ್ಲಿ ಇಬ್ಬರೂ ಕೂಡಿ ತುಂಗಭದ್ರೆಯಾಗುತ್ತಾರೆ. ಕೂಡುವ ಊರಾದ್ದರಿಂದಲೇ ಅದು ಕೂಡಲಿ.

ಮಕ್ಕಳು ಬೆರಳಿನಿಂದ ಹೊಳೆಯ ಗೆರೆಯನ್ನು ಹಿಂಬಾಲಿಸುತ್ತಾರೆ. ಬೆರಳು ನಕ್ಷೆಯಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಏಕೆಂದರೆ ಈ ಭಾಗದಲ್ಲಿ ಎರಡು ಹೊಳೆಗಳೂ ಉತ್ತರದ ಕಡೆಗೆ ಹರಿಯುತ್ತವೆ. ಅಲ್ಲಿಗೆ ಒಬ್ಬ ಹುಡುಗಿಗಾದರೂ ಸಂಶಯ ಹುಟ್ಟಬೇಕು: ನೀರು ಮೇಲಕ್ಕೆ ಹೇಗೆ ಹರಿಯುತ್ತದೆ? ನಕ್ಷೆಯ 'ಮೇಲೆ' ಬೇರೆ, ನೆಲದ 'ಎತ್ತರ' ಬೇರೆ ಎಂಬುದು ದೊಡ್ಡವರಿಗೆ ಸಹಜವಾಗಿ ತೋರುತ್ತದೆ. ಮಗುವಿಗೆ ಅದನ್ನು ಬಿಡಿಸಿ ತೋರಿಸಬೇಕು. ನಕ್ಷೆಯನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಹಾಸಿ, ಉತ್ತರ ದಿಕ್ಕಿಗೆ ತಿರುಗಿಸಿಟ್ಟರೆ ಅರ್ಧ ಕಷ್ಟ ಅಲ್ಲಿಯೇ ಪರಿಹಾರ. ಪಡುವಣದ ಘಟ್ಟ ಎತ್ತರ, ಮೂಡಣದ ಬಯಲು ತಗ್ಗು. ನೀರು ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ, ಅದಕ್ಕೆ ದಿಕ್ಕಿನ ಹಂಗಿಲ್ಲ.

ಇದೇ ಬಗೆಯ ಇನ್ನೊಂದು ತೊಡಕು. ನಮ್ಮ ರಾಜ್ಯವನ್ನು ಆಡಳಿತಕ್ಕಾಗಿ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂದು ನಾಲ್ಕು ವಿಭಾಗಗಳಾಗಿ ಮಾಡಿದೆ. ಮಲೆನಾಡಿನ ಶಿವಮೊಗ್ಗ ಜಿಲ್ಲೆ ಸೇರಿರುವುದು ಬೆಂಗಳೂರು ವಿಭಾಗಕ್ಕೆ. ಕಾಡು, ಮಳೆ, ಅಡಿಕೆ ತೋಟಗಳ ನಡುವಿನ ಮಗುವಿಗೆ ಇದು ಒಗಟಿನಂತೆ ಕಾಣುವುದು ನ್ಯಾಯವೇ. ಪ್ರಕೃತಿ ಎಳೆದ ಗೆರೆ ಬೇರೆ, ಆಡಳಿತ ಎಳೆದ ಗೆರೆ ಬೇರೆ. ಈ ಒಂದು ಮಾತು ತಿಳಿದರೆ ಭೂಗೋಳದ ಮುಂದಿನ ಎಷ್ಟೋ ಪಾಠಗಳು ತಾವಾಗಿ ತೆರೆದುಕೊಳ್ಳುತ್ತವೆ.

ಗುರುವಾರ: ಓದಿದ್ದು ಮತ್ತು ತಿಳಿದದ್ದು

ಗುರುವಾರ ಕನ್ನಡದ ಗದ್ಯಪಾಠ. ಹುಡುಗನೊಬ್ಬ ಎದ್ದು ನಿಂತು ಒಂದು ಪರಿಚ್ಛೇದವನ್ನು ತಪ್ಪಿಲ್ಲದೆ ಓದುತ್ತಾನೆ. "ಏನು ಹೇಳಿದೆಯಪ್ಪ ಇದರಲ್ಲಿ?" ಎಂದು ಮೇಷ್ಟ್ರು ಕೇಳಿದರೆ ಪುಸ್ತಕವನ್ನೇ ನೋಡುತ್ತಾನೆ. ಒತ್ತಕ್ಷರ, ದೀರ್ಘ, ವಿರಾಮಗಳನ್ನು ಕಾಯುವುದರಲ್ಲೇ ಅವನ ಗಮನವೆಲ್ಲ ವೆಚ್ಚವಾಗಿದೆ. ಅರ್ಥಕ್ಕೆ ಏನೂ ಮಿಕ್ಕಿಲ್ಲ. ತುಂಬಿದ ಬಿಂದಿಗೆ ಹೊತ್ತು ಕೆಸರಿನಲ್ಲಿ ನಡೆಯುವವನಿಗೆ ದಾರಿಯ ಅಂದ ಕಾಣುವುದೇ? ಅವನಿಗೆ ಬೇಕಾದುದು ಇನ್ನಷ್ಟು ಬೈಗುಳವಲ್ಲ, ಇನ್ನಷ್ಟು ಸುಲಭವಾದ ಓದು: ಕಥೆ, ಅಂಗಡಿಯ ಹೆಸರುಹಲಗೆ, ಪತ್ರಿಕೆಯ ತಲೆಬರಹ, ಆಟದ ಸುದ್ದಿ. ಓದು ಹಗುರವಾದ ಹೊರತು ಅರ್ಥ ಒಳಗೆ ಬರುವುದಿಲ್ಲ.

ಈ ಎರಡು ಊರುಗಳಲ್ಲಿ ಮತ್ತೊಂದು ವಿಷಯವನ್ನೂ ನೆನೆಯಬೇಕು. ಕಾರ್ಖಾನೆಯ ಕೆಲಸ ಅರಸಿ ತಮಿಳು, ತೆಲುಗು ನಾಡುಗಳಿಂದ ಬಂದವರ ಮನೆಗಳು ಭದ್ರಾವತಿಯಲ್ಲಿವೆ. ಶಿವಮೊಗ್ಗದ ಬೀದಿಗಳಲ್ಲಿ ಉರ್ದು, ಲಂಬಾಣಿ, ಮರಾಠಿ, ಕೊಂಕಣಿಗಳೂ ಕಿವಿಗೆ ಬೀಳುತ್ತವೆ. ಶಾಲೆ ಪ್ರಥಮ ಭಾಷೆ ಎಂದು ಕರೆಯುವ ಕನ್ನಡ ಇಂತಹ ಎಷ್ಟೋ ಮಕ್ಕಳ ಪಾಲಿಗೆ ಬಾಳಿನಲ್ಲಿ ಎರಡನೆಯದು. ಕನ್ನಡದ ಮನೆಯ ಮಗುವಿಗೂ ಪುಸ್ತಕದ ಮಾತು ಮನೆಯ ಮಾತಲ್ಲ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ಈ ದೂರ ಮತ್ತಷ್ಟು ಹೆಚ್ಚು. ಆಗ ಮಗು ಕೊಡುವ ಮೌನವನ್ನು ಬುದ್ಧಿಯ ಕೊರತೆ ಎಂದು ತಿಳಿಯಬಾರದು. ತಿಳಿದದ್ದನ್ನು ಮೊದಲು ಮನೆಯ ಮಾತಿನಲ್ಲಿ ಹೇಳಲಿ, ಆಮೇಲೆ ಪುಸ್ತಕದ ಮಾತಿಗೆ ತರಲಿ. ಯಾವ ಭಾಷೆಯಲ್ಲಿ ಹೇಳಿದರೂ ತಿಳಿವು ತಿಳಿವೇ.

ಶುಕ್ರವಾರ: ಕಿವಿಯ ಪಾಠ

ಮಧ್ಯಾಹ್ನದ ಬಿಸಿಯೂಟದ ನಂತರದ ಹೊತ್ತು. ಈ ಊಟದ ಯೋಜನೆ 2002ರಲ್ಲಿ ಉತ್ತರದ ಕೆಲವು ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ'ವೆಂದು ಮೊದಲಾಗಿ, ಬಳಿಕ ನಾಡಿಗೆಲ್ಲ ಹಬ್ಬಿತು. 2013ರಿಂದ ಶಾಲೆಯಲ್ಲಿ ಹಾಲೂ ಬಂದಿತು. ಹಸಿದ ಮಗು ಪಾಠ ಕೇಳಲಾರದು ಎಂಬುದನ್ನು ನಾಡು ಒಪ್ಪಿಕೊಂಡದ್ದಕ್ಕೆ ಇದು ಸಾಕ್ಷಿ. ಹೊಟ್ಟೆ ತಣ್ಣಗಾದ ಮೇಲೆ ಕಿವಿಯ ಪಾಠ. ಆಕಾಶವಾಣಿಯ ಮೂಲಕ ನಮ್ಮ ಪ್ರಾಥಮಿಕ ಶಾಲೆಗಳಿಗಾಗಿ ಪ್ರಸಾರವಾಗುತ್ತ ಬಂದ 'ಕೇಳಿ-ಕಲಿ' ಪಾಠಗಳ ಹೆಸರನ್ನು ನೀವೂ ಕೇಳಿರಬಹುದು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಂದಿನಿಂದ ಈ ಸೀಮೆಯ ಮನೆಗಳಿಗೆ ಬಾನುಲಿ ನೆರೆಮನೆಯ ದನಿಯೇ ಆಗಿದೆ.

ಕಿವಿಯ ಪಾಠಕ್ಕೆ ಒಂದು ವಿಶೇಷ ಗುಣವಿದೆ. ಅಚ್ಚಾದ ಪುಟವನ್ನು ಹಿಂದಕ್ಕೆ ತಿರುವಬಹುದು. ಬಾನುಲಿಯ ಮಾತು ಬಂದಿತು, ಹೋಯಿತು. ಅದನ್ನು ಹಿಡಿಯಬೇಕಾದರೆ ಕೇಳುತ್ತಿರುವಾಗಲೇ ಮನಸ್ಸಿನಲ್ಲಿ ಮಡಿಸಿಟ್ಟುಕೊಳ್ಳಬೇಕು. ಮುಗಿದ ಮೇಲೆ ನೆನಪಿನಿಂದ ಬಿಚ್ಚಬೇಕು. ಕೊರತೆಯೆಂದು ತೋರುವ ಈ ಗುಣವೇ ದೊಡ್ಡ ಪ್ರಯೋಜನ. ಪ್ರಸಾರ ಮುಗಿದೊಡನೆ ಉಪಾಧ್ಯಾಯರು ಮಾತಿಗೆ ತೊಡಗದೆ, "ಈಗ ಕೇಳಿದ್ದರಲ್ಲಿ ನಿನಗೆ ನೆನಪಿರುವ ಮೂರು ಸಂಗತಿ ಹೇಳು" ಎಂದರೆ ಮಗುವಿನ ಮನಸ್ಸು ಕೆಲಸಕ್ಕೆ ಇಳಿಯುತ್ತದೆ. ಒಬ್ಬ ಬಿಟ್ಟದ್ದನ್ನು ಇನ್ನೊಬ್ಬಳು ಸೇರಿಸುತ್ತಾಳೆ. ಹತ್ತು ನಿಮಿಷದಲ್ಲಿ ಪಾಠ ಪೂರ್ತಿಯಾಗಿ ಮತ್ತೆ ಕಟ್ಟಿಕೊಳ್ಳುತ್ತದೆ, ಈ ಸಲ ಮಕ್ಕಳ ಬಾಯಿಯಲ್ಲಿ.

ಶನಿವಾರ: ಪುಸ್ತಕ ಮುಚ್ಚಿದ ಮೇಲೆ

ಶನಿವಾರ ಬೆಳಗಿನ ಶಾಲೆ. ಸಾಮೂಹಿಕ ಕವಾಯತು ಮುಗಿದ ಮೇಲೆ ಎರಡು ಮೂರು ಅವಧಿಗಳು ಮಾತ್ರ. ಹೊಸ ಪಾಠಕ್ಕೆ ಮನಸ್ಸು ನಿಲ್ಲದ ಈ ಅರ್ಧ ದಿನ ವಾರದಲ್ಲೆಲ್ಲ ಬೆಲೆಯುಳ್ಳದ್ದು ಎಂದರೆ ಉತ್ಪ್ರೇಕ್ಷೆಯಲ್ಲ. ಪುಸ್ತಕ ಮುಚ್ಚಿಸಿ, ಒಂದು ಹಾಳೆ ಕೊಟ್ಟು, ಉಪಾಧ್ಯಾಯರು ನಾಲ್ಕು ಪ್ರಶ್ನೆ ಕೇಳುತ್ತಾರೆ. 1/5 ದೊಡ್ಡದೋ, 1/6 ದೊಡ್ಡದೋ? ಮೊರದಲ್ಲಿ ಕೇರುವಾಗ ಹೊಟ್ಟೇಕೆ ಹಾರುತ್ತದೆ? ತುಂಗೆ ಯಾವ ದಿಕ್ಕಿಗೆ ಹರಿಯುತ್ತಾಳೆ, ಏಕೆ? ಗುರುವಾರದ ಪಾಠವನ್ನು ಮೂರು ವಾಕ್ಯದಲ್ಲಿ ಹೇಳು. ಅಂಕವಿಲ್ಲ, ಗದರಿಕೆಯಿಲ್ಲ. ನೆನಪಿನಿಂದ ಹೊರಗೆ ತೆಗೆಯುವುದು, ಅಷ್ಟೆ.

ಇದರಿಂದ ಏನು ಲಾಭ? ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲಲ್ಲಿ ಬಹಳ ವೇಗ, ಆಮೇಲೆ ನಿಧಾನ ಎಂದು ಕಂಡುಬಂದಿತು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟು, ಕೆಲವರಿಗೆ ಎರಡನೆಯ ಸಲ ಓದಲು ಹೇಳಿದರು. ಇನ್ನು ಕೆಲವರಿಗೆ, ನೋಡದೆ ನೆನಪಿದ್ದುದನ್ನು ಬರೆಯಲು ಹೇಳಿದರು. ಐದು ನಿಮಿಷದ ಮೇಲೆ ಪರೀಕ್ಷಿಸಿದಾಗ ಎರಡು ಸಲ ಓದಿದವರದೇ ಮೇಲುಗೈ: ಅವರಿಗೆ ನೂರರಲ್ಲಿ 81 ಪಾಲು ನೆನಪಿತ್ತು, ಬರೆದವರಿಗೆ 75. ಒಂದು ವಾರದ ಮೇಲೆ ಪರೀಕ್ಷಿಸಿದಾಗ ಲೆಕ್ಕ ತಿರುಗಿತು: ಎರಡು ಸಲ ಓದಿದವರಿಗೆ 42 ಪಾಲು ಮಾತ್ರ, ನೆನೆದು ಬರೆದವರಿಗೆ 56.

ಈ ಅಂಕಿಗಳನ್ನು ಸ್ವಲ್ಪ ನಿಂತು ನೋಡಿ. ಮತ್ತೆ ಮತ್ತೆ ಓದುವುದು ಆ ಹೊತ್ತಿಗೆ 'ಬಂದಿತು' ಎಂಬ ಧೈರ್ಯ ಕೊಡುತ್ತದೆ. ಆ ಧೈರ್ಯವೇ ಮೋಸ. ನೆನೆಯಲು ತಡಕಾಡುವುದು ಆ ಹೊತ್ತಿಗೆ ಕಷ್ಟ. ಆ ಕಷ್ಟವೇ ಕಲಿಕೆ. ನಮ್ಮ ಹಿರಿಯರು ಮಗ್ಗಿಯನ್ನು ದಿನವೂ ಒಪ್ಪಿಸಲು ಹೇಳುತ್ತಿದ್ದುದರಲ್ಲಿ ಈ ತಿಳಿವಳಿಕೆ ಇತ್ತು. ಒಪ್ಪಿಸುವುದು ಬಾಯಿಪಾಠಕ್ಕೇ ನಿಂತು ಅರ್ಥಕ್ಕೆ ಬಾರದೆ ಹೋದದ್ದು ಮಾತ್ರ ಅದರ ಕುಂದು.

ಶನಿವಾರದ ಹಾಳೆಯಿಂದ ಇನ್ನೊಂದು ದೊಡ್ಡ ಲಾಭವಿದೆ. ಅಚ್ಚುಕಟ್ಟಾದ ನೋಟ್ ಪುಸ್ತಕದ ಹಿಂದೆ ಅಡಗಿದ್ದ ಮಗು ಅಂದು ಕಾಣಿಸಿಕೊಳ್ಳುತ್ತದೆ. ಖಾಲಿ ಹಾಳೆ ಕೊಟ್ಟ ಮಗು "ನನಗೆ ದಾರಿ ತಪ್ಪಿದೆ" ಎಂದು ಹೇಳಿದಂತೆ. ವಾರದ ಕೊನೆಗೆ ತಿಳಿದರೆ ಸೋಮವಾರ ಕೈಹಿಡಿಯಬಹುದು. ವರ್ಷದ ಕೊನೆಗೆ ತಿಳಿದರೆ ಬಹಳ ದೂರ ಹೋಗಿರುತ್ತದೆ.

ಮನೆಯಲ್ಲಿ ಹತ್ತು ನಿಮಿಷ

"ಇವತ್ತು ಶಾಲೆಯಲ್ಲಿ ಏನು ಹೇಳಿಕೊಟ್ಟರಮ್ಮ?" ಎಂದು ಸಂಜೆ ತಂದೆ ಕೇಳುತ್ತಾರೆ. "ಏನಿಲ್ಲಪ್ಪ" ಎಂದು ಮಗಳು ಉತ್ತರಿಸುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಪ್ರಶ್ನೆ ಬಹಳ ಅಗಲವಾಯಿತು. ಎಂಟು ಅವಧಿಗಳನ್ನು ಒಂದು ಮಾತಿನಲ್ಲಿ ಯಾರು ತಾನೆ ಹೇಳಬಲ್ಲರು? ಪ್ರಶ್ನೆಯನ್ನು ಕಿರಿದು ಮಾಡಿ. "ಮೊನ್ನೆ ಕಾಗದ ಮಡಿಸಿದಿರಲ್ಲ, ಯಾತಕ್ಕೆ?" "ಈ ಸಾರಿನಿಂದ ಉಪ್ಪನ್ನು ಹೊರಗೆ ತೆಗೆಯಬಹುದಾ?" "ನಮ್ಮ ಮನೆಯಿಂದ ಹೊಳೆ ಯಾವ ದಿಕ್ಕಿಗೆ?" ಇಂದಿನ ಪಾಠಕ್ಕಿಂತ ಮೊನ್ನೆಯ ಪಾಠವನ್ನು, ಹೋದ ವಾರದ ಪಾಠವನ್ನು ಕೇಳುವುದು ಹೆಚ್ಚು ಫಲಕಾರಿ. ಮರೆಯಲು ತೊಡಗಿದಾಗ ಕರೆದು ತಂದದ್ದೇ ಗಟ್ಟಿಯಾಗಿ ನಿಲ್ಲುವುದು.

ಮಗು ತಪ್ಪು ಹೇಳಿದರೆ ಕೂಡಲೆ ತಿದ್ದಬೇಡಿ. "ಹೌದೆ? ಅದು ಹೇಗೆ?" ಎಂದು ಕೇಳಿ. ತಪ್ಪಿನ ಹಿಂದೆ ಒಂದು ನಿಯಮ ಇದ್ದೇ ಇರುತ್ತದೆ. ಅದು ಹೊರಗೆ ಬಂದರೆ ತಿದ್ದುವುದು ಸುಲಭ. ನಿಮಗೇ ಉತ್ತರ ತಿಳಿಯದಿದ್ದರೆ ಸಂಕೋಚ ಬೇಡ. "ನಾಳೆ ನಿಮ್ಮ ಮೇಷ್ಟ್ರನ್ನು ಕೇಳಿಕೊಂಡು ಬಂದು ನನಗೂ ಹೇಳಿಕೊಡು" ಎಂದರೆ ಮಗುವಿನ ಘನತೆ ಹೆಚ್ಚುತ್ತದೆ. ಓದು ಬಾರದ ತಾಯಿಯೂ ಅಜ್ಜಿಯೂ ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು, ಏಕೆಂದರೆ ಇಲ್ಲಿ ಬೇಕಾದುದು ಕಲಿಸುವ ವಿದ್ಯೆಯಲ್ಲ, ಕೇಳುವ ತಾಳ್ಮೆ.

ಬಾನುಲಿ ಇರುವ ಮನೆಗೆ ಒಂದು ಸುಲಭವಾದ ಅಭ್ಯಾಸ ಹೇಳಬಹುದು. ಸಂಜೆಯ ವಾರ್ತೆಯನ್ನೋ ಒಂದು ಭಾಷಣವನ್ನೋ ಎಲ್ಲರೂ ಕುಳಿತು ಕೇಳಿ, ಮುಗಿದೊಡನೆ ನಿಲ್ಲಿಸಿ. ಮನೆಯವರು ಒಬ್ಬೊಬ್ಬರೂ ತಮಗೆ ನೆನಪಿರುವ ಒಂದೊಂದು ಸಂಗತಿ ಹೇಳಲಿ, ಹಿರಿಯರೂ ಸೇರಿ. ಕೆಲವು ದಿನಗಳಲ್ಲಿಯೇ ಮಗುವಿನ ಕಿವಿ ನಿಮ್ಮದಕ್ಕಿಂತ ಚುರುಕಾಗಿರುವುದನ್ನು ಕಾಣುವಿರಿ.

ಕೊನೆಯದಾಗಿ, ಸುಮ್ಮನಿರುವ ಮಗುವಿನ ಕಡೆಗೆ ಹೆಚ್ಚಿನ ಲಕ್ಷ್ಯವಿರಲಿ. ಮೊದಲು ಮಾತನಾಡುತ್ತಿದ್ದ ಮಗು ಪಾಠದ ಮಾತೆತ್ತಿದರೆ ಎದ್ದು ಹೋಗುತ್ತಿದೆಯೆ? ಬರವಣಿಗೆ ದುಂಡಗಿದ್ದು, ಬರೆದದ್ದರ ಅರ್ಥ ಕೇಳಿದರೆ ಮುಖ ತಿರುಗಿಸುತ್ತದೆಯೆ? ಟ್ಯೂಷನ್ನಿಗೆ ಕಳುಹಿಸುವ ಮೊದಲು ಒಂದು ಸಲ ಶಾಲೆಗೆ ಹೋಗಿ ಉಪಾಧ್ಯಾಯರೊಡನೆ ಮಾತನಾಡಿ. ಐದನೆಯ ತರಗತಿಯದೋ ನಾಲ್ಕನೆಯದೋ ಒಂದು ಮೆಟ್ಟಿಲು ತಪ್ಪಿರುತ್ತದೆ. ಅಲ್ಲಿಗೆ ಹಿಂದಿರುಗಿ ಮತ್ತೆ ಹತ್ತಿಸಬೇಕು. ಹಿಂದಿರುಗುವುದರಲ್ಲಿ ಅವಮಾನವೇನೂ ಇಲ್ಲ. ಹನ್ನೊಂದು ಹನ್ನೆರಡು ವರ್ಷದ ಮಗುವಿಗೆ ಕಾಲ ಇನ್ನೂ ಬೇಕಾದಷ್ಟಿದೆ. ಅದರ ಮೌನವನ್ನು ಈ ವಾರವೇ ಗಮನಿಸುವವರು ಮಾತ್ರ ಬೇಕು.